ಮಾವನವರು ಫೋನ್ ಎತ್ತಿದೊಡನೆ ವೈಫೈ ನಿಲ್ಲುವುದೇಕೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ಕಾಫಿ ತೋಟದೊಳಗೆ ನಮ್ಮ ಮನೆ. ಮೊಬೈಲ್ ಸಿಗ್ನಲ್ ಸಿಗುವುದು ಕೈಯಾಲೆಯ, ಅಂದರೆ ಮುಂದಿನ ಜಗಲಿಯ, ಒಂದು ಮೂಲೆಯಲ್ಲಿ ಮಾತ್ರ. ಹೋದ ವರ್ಷ ಫೈಬರ್ ಸಂಪರ್ಕ ಬಂದ ಮೇಲೆ ನಾನು ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದೇನೆ. ಅದೇ ಪೆಟ್ಟಿಗೆಯಿಂದ ಮನೆಯ ಫೋನ್ ಲೈನೂ ಬರುತ್ತದೆ. ನಾದಿನಿ ಹಿಂದೆ ಅಮೆರಿಕದಿಂದ ತಂದುಕೊಟ್ಟ ಕಾರ್ಡ್‌ಲೆಸ್ ಫೋನನ್ನು ಅದಕ್ಕೆ ಜೋಡಿಸಿದ್ದೇವೆ. ಮಾವನವರು ಆ ಫೋನ್ ಹಿಡಿದು ಮಾತಿಗೆ ತೊಡಗಿದರೆ ನನ್ನ ಮೀಟಿಂಗ್ ತುಂಡುತುಂಡಾಗುತ್ತದೆ. ಅವರು ಇಟ್ಟ ಮೇಲೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಕಾಟ ಇನ್ನೂ ಹೆಚ್ಚು. ಲ್ಯಾಪ್‌ಟಾಪ್‌ನಲ್ಲಿ ವೈಫೈ ಗೆರೆಗಳೇನೋ ಪೂರ್ತಿ ಇರುತ್ತವೆ. ಅಂಗಡಿಯವರು ಬೂಸ್ಟರ್ ಹಾಕಿಸಿ ಎನ್ನುತ್ತಾರೆ. ಕಣದಲ್ಲಿ ಕೆಲಸ ನಡೆಯುವಾಗ ಮಾವನವರಿಗೆ ಆ ಫೋನ್ ಬೇಕೇ ಬೇಕು, ಅದನ್ನು ತೆಗೆಸಲು ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಬೂಸ್ಟರ್ ಕೊಳ್ಳಬೇಡಿ. ರೂಟರನ್ನೂ ಬದಲಿಸಬೇಡಿ. ಮಾವನವರ ಕೈಯಿಂದ ಫೋನ್ ಕಿತ್ತುಕೊಳ್ಳುವ ಪ್ರಮೇಯವೂ ಇಲ್ಲ. ನಿಮ್ಮ ಪತ್ರದಲ್ಲಿ ಎರಡು ಮಾತುಗಳು ನನ್ನ ಕಣ್ಣಿಗೆ ಬಿದ್ದವು. ಒಂದು, ‘ಅದೇ ಪೆಟ್ಟಿಗೆಯಿಂದ ಮನೆಯ ಫೋನ್ ಲೈನೂ ಬರುತ್ತದೆ’ ಎಂಬುದು. ಇನ್ನೊಂದು, ‘ಮಳೆಗಾಲದಲ್ಲಿ ಕಾಟ ಇನ್ನೂ ಹೆಚ್ಚು’ ಎಂಬುದು. ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಈ ಎರಡರಲ್ಲೇ ಇದೆ.

ಹಿಂದೆ ತಾಮ್ರದ ತಂತಿಯ ಕಾಲದಲ್ಲಿ ಫೋನ್ ಲೈನನ್ನು ಮನೆಯ ಯಾವ ಕೋಣೆಗೆ ಬೇಕಾದರೂ ಎಳೆಯುತ್ತಿದ್ದರು. ಫೈಬರ್ ಬಂದ ಮೇಲೆ ಇಂಟರ್‌ನೆಟ್, ವೈಫೈ, ಫೋನ್ ಮೂರೂ ಒಂದೇ ಪೆಟ್ಟಿಗೆಯೊಳಗೆ ಸೇರಿವೆ, ರೂಟರ್ ಎಂದರೂ ಅದೇ. ಫೋನಿನ ಜೊತೆ ಬರುವ ಗಿಡ್ಡ ತಂತಿಯನ್ನು ಪೆಟ್ಟಿಗೆಯ ಹಿಂದಿನ ತೂತಿಗೆ ಸಿಕ್ಕಿಸುತ್ತಾರೆ. ಆ ತಂತಿ ಎಷ್ಟು ದೂರ ಹೋದೀತು? ಹ್ಯಾಂಡ್‌ಸೆಟ್ ಕೂರಿಸುವ ಪೀಠ, ಅಂದರೆ ಫೋನಿನ ಬೇಸ್, ರೂಟರಿನ ಪಕ್ಕದಲ್ಲೇ ಕೂರುತ್ತದೆ. ನಾನು ನೋಡಿದ ತೋಟದ ಮನೆಗಳಲ್ಲಿ ದೃಶ್ಯ ಹೆಚ್ಚುಕಡಿಮೆ ಒಂದೇ: ಗೋಡೆಯ ಹಲಗೆಯ ಮೇಲೆ ಬಿಳಿ ಪೆಟ್ಟಿಗೆ, ಅದರ ಆಂಟೆನಾಗೆ ತಾಗಿಕೊಂಡೇ ನಿಂತ ಕಾರ್ಡ್‌ಲೆಸ್ ಬೇಸ್, ಕೆಳಗೆ ಅಡಾಪ್ಟರ್‌ಗಳಿಂದ ತುಂಬಿದ ಎಕ್ಸ್‌ಟೆನ್ಷನ್ ಬೋರ್ಡ್. ಅಮೆರಿಕದ ಫೋನಾದರೆ ಅದರ ಅಡಾಪ್ಟರ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ಅದನ್ನು ಹೊಂದಿಸಲು ನಡುವೆ ಒಂದು ಭಾರವಾದ ಟ್ರಾನ್ಸ್‌ಫಾರ್ಮರ್ ಗುಂಯ್ಗುಡುತ್ತಿರುತ್ತದೆ. ನಿಮ್ಮ ಮನೆಯಲ್ಲೂ ಅದು ಇರಬೇಕು. ಇದ್ದರೆ ಬೇಸನ್ನು ಮಗುಚಿ ಚೀಟಿ ಓದಿ. ‘2.4 ಗಿಗಾಹರ್ಟ್ಸ್’ ಎಂದು ಬರೆದಿದ್ದರೆ ಕಳ್ಳ ಸಿಕ್ಕಂತೆಯೇ.

ಈ ಅಂಕಿಯ ಅರ್ಥ ಇಷ್ಟು. ಮಡಿಕೇರಿ ಆಕಾಶವಾಣಿಯನ್ನು ನೀವು 103.1 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತೀರಿ. ಅದೇ ಅಳತೆಗೋಲಿನಲ್ಲಿ ಮೇಲಕ್ಕೆ ಹೋದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಒಂದು ಪಟ್ಟಿ ಇದೆ. ಆಕಾಶವಾಣಿಯ ಜಾಗಕ್ಕೆ ಸರ್ಕಾರದ ಪರವಾನಗಿ ಬೇಕು, ಈ ಪಟ್ಟಿಗೆ ಬೇಡ. ನಿಗದಿತ ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ ಇಲ್ಲಿ ಪ್ರಸಾರ ಮಾಡಬಹುದು. ಅದಕ್ಕಾಗಿಯೇ ವೈಫೈ ಇಲ್ಲಿದೆ, ಬ್ಲೂಟೂತ್ ಇಲ್ಲಿದೆ, ಮೈಕ್ರೋವೇವ್ ಒಲೆ ಇಲ್ಲಿದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ರಾಶಿ ರಾಶಿ ಮಾರಾಟವಾದ ಕಾರ್ಡ್‌ಲೆಸ್ ಫೋನ್‌ಗಳೂ ಇಲ್ಲೇ ಇವೆ.

ಎಲ್ಲರೂ ಒಂದೇ ದಾರಿಯಲ್ಲಿ ಓಡಾಡುವುದಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ, ನಡತೆ ಮಾತ್ರ ಬೇರೆ ಬೇರೆ. ತೋಟದೊಳಗಿನ ಒಂಟಿ ಜೀಪಿನ ದಾರಿಯನ್ನು ನೆನಪಿಸಿಕೊಳ್ಳಿ. ವೈಫೈ ಎಂದರೆ ತಿರುವಿಗೆ ಮೊದಲು ನಿಂತು, ಎದುರಿನಿಂದ ಹಾರ್ನ್ ಕೇಳಿಸುತ್ತದೆಯೇ ಎಂದು ಆಲಿಸಿ, ದಾರಿ ಖಾಲಿ ಇದ್ದರೆ ಮಾತ್ರ ಮುಂದೆ ಹೋಗುವ ಜೀಪು. ಹಳೆಯ ಕಾರ್ಡ್‌ಲೆಸ್ ಫೋನ್ ಹಾಗೆ ನಿಲ್ಲುವುದೂ ಇಲ್ಲ, ಆಲಿಸುವುದೂ ಇಲ್ಲ. ಮಾತು ಮುಗಿಯುವವರೆಗೆ ಅದು ದಾರಿಯಲ್ಲಿ ಓಡಾಡುತ್ತಲೇ ಇರುತ್ತದೆ. ಎದುರಿಗೆ ಸಿಕ್ಕ ವೈಫೈ ಕಾದು ಕೂರುತ್ತದೆ, ಇಲ್ಲವೇ ಕಳಿಸಿದ ಮಾಹಿತಿ ಕೆಟ್ಟುಹೋಗಿ ಮತ್ತೆ ಕಳಿಸುತ್ತದೆ. ಮತ್ತೆ ಮತ್ತೆ ಕೆಟ್ಟರೆ ಸಿಗ್ನಲ್ ದುರ್ಬಲವಾಗಿದೆ ಎಂದು ತಿಳಿದು ವೇಗ ಇಳಿಸಿಕೊಳ್ಳುತ್ತದೆ. ವೇಗ ಇಳಿದರೆ ಅದೇ ಮಾಹಿತಿ ಸಾಗಿಸಲು ಹೆಚ್ಚು ಹೊತ್ತು ದಾರಿಯಲ್ಲಿರಬೇಕು, ಅಷ್ಟು ಹೊತ್ತಿನಲ್ಲಿ ಫೋನ್ ಮತ್ತೊಮ್ಮೆ ಬಂದು ತಾಗುತ್ತದೆ. ಮೀಟಿಂಗ್ ಮೊದಲು ತೊದಲಿ ಆಮೇಲೆ ಪೂರ್ತಿ ನಿಲ್ಲುವುದು ಹೀಗೆ. ಗೆರೆಗಳು ಪೂರ್ತಿ ಇರುವುದನ್ನು ಕಂಡು ಮೋಸಹೋಗಬೇಡಿ. ಆ ಗೆರೆಗಳು ಸಿಗ್ನಲ್ಲಿನ ಬಲವನ್ನು ತೋರಿಸುತ್ತವೆ, ಸುತ್ತಲಿನ ಗದ್ದಲವನ್ನಲ್ಲ.

ಈಗ ಮಳೆಗಾಲದ ಮಾತು. ಒದ್ದೆ ಗೋಡೆ, ಒದ್ದೆ ಹೆಂಚು, ನೀರು ತೊಟ್ಟಿಕ್ಕುವ ಎಲೆ ಇವೆಲ್ಲ ಈ ತರಂಗಗಳನ್ನು ಹೀರಿಕೊಳ್ಳುತ್ತವೆ. ರೂಟರ್ ಒಂದು ಕೋಣೆಯಲ್ಲಿದ್ದು ನೀವು ಇನ್ನೊಂದರಲ್ಲಿ ಕೂತಿದ್ದರೆ, ನಡುವಿನ ಮಣ್ಣಿನ ಗೋಡೆ ಜಡಿಮಳೆಯ ಕಕ್ಕಡ ತಿಂಗಳಲ್ಲಿ ತೇವಗೊಂಡು ಸಿಗ್ನಲ್ ಸ್ವಲ್ಪ ಕುಗ್ಗುತ್ತದೆ. ಆದರೆ ನನಗೆ ಇದಕ್ಕಿಂತ ದೊಡ್ಡ ಕಾರಣವೊಂದು ಕಾಣುತ್ತದೆ. ಬೇಸಗೆಯಲ್ಲಿ ಮಾವನವರು ಫೋನ್ ಹಿಡಿದು ಕಣಕ್ಕೆ ಹೋಗುತ್ತಾರೆ. ಮಳೆ ಸುರಿಯುವಾಗ ಎಲ್ಲಿಗೆ ಹೋದಾರು? ಮನೆಯೊಳಗೇ, ಬಹುಶಃ ನಿಮ್ಮ ಮೇಜಿನ ಹತ್ತಿರವೇ ಕೂತು ಮಾತಾಡುತ್ತಾರೆ. ಬೇಸ್ ಮಾತ್ರವಲ್ಲ, ಕೈಯಲ್ಲಿರುವ ಹ್ಯಾಂಡ್‌ಸೆಟ್ಟೂ ಪ್ರಸಾರ ಮಾಡುತ್ತದೆ. ಬೇಸ್ ರೂಟರಿನ ಕಿವಿಗೆ ಕೂಗಿದರೆ ಹ್ಯಾಂಡ್‌ಸೆಟ್ ನಿಮ್ಮ ಲ್ಯಾಪ್‌ಟಾಪಿನ ಕಿವಿಗೆ ಕೂಗುತ್ತದೆ. ಇದು ನನ್ನ ಊಹೆ. ಅದನ್ನು ಪರೀಕ್ಷಿಸುವುದು ಸುಲಭ.

ಪರೀಕ್ಷೆಗೆ ಹದಿನೈದು ನಿಮಿಷ ಸಾಕು. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿಂಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಜಾಗ ಬಿಡಿ, ರೂಟರಿನ ವಿಳಾಸ ಬರೆಯಿರಿ, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ (-) ಮತ್ತು ‘ಟಿ’ ಅಕ್ಷರ ಸೇರಿಸಿ ಎಂಟರ್ ಒತ್ತಿ. ವಿಳಾಸ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತದೆ, ಬಹಳ ಕಡೆ ಅದು 192.168.1.1. ಸೆಕೆಂಡಿಗೊಂದು ಸಾಲು ಮೂಡತೊಡಗುತ್ತದೆ. ನಿಮ್ಮ ಕಂಪ್ಯೂಟರ್ ರೂಟರನ್ನು ಕೂಗಿ, ಅದು ಓಗೊಡಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಪ್ರತಿ ಸಾಲೂ ಹೇಳುತ್ತದೆ. ಯಾರೂ ಫೋನ್ ಮುಟ್ಟದಿರುವಾಗ ಎರಡು ನಿಮಿಷ ನೋಡಿ. ಆರೋಗ್ಯವಾಗಿರುವ ವೈಫೈ ಆದರೆ ಸಾಮಾನ್ಯವಾಗಿ ಒಂದಂಕಿಯ ಉತ್ತರಗಳು ಬರುತ್ತವೆ. ಈಗ ಮಾವನವರಿಗೆ ಯಾರಿಗಾದರೂ ಫೋನ್ ಮಾಡಿ ಮಾತಾಡಲು ಹೇಳಿ. ಸಂಖ್ಯೆಗಳು ನೂರು, ಇನ್ನೂರಕ್ಕೆ ಹಾರಿದರೆ, ನಡುನಡುವೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ಬರೆದಿಟ್ಟುಕೊಳ್ಳಿ. ಕಂಟ್ರೋಲ್ ಕೀಲಿಯ ಜೊತೆ ‘ಸಿ’ ಒತ್ತಿದರೆ ಪರೀಕ್ಷೆ ನಿಂತು, ನೂರಕ್ಕೆ ಎಷ್ಟು ಕಳೆದುಹೋದವು ಎಂಬ ಲೆಕ್ಕ ತೋರಿಸುತ್ತದೆ.

ಆಮೇಲೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ, ಫೋನ್ ಮಾತು ನಡೆಯುತ್ತಿರುವಾಗಲೇ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಕೇಬಲ್ಲಿನಲ್ಲಿ ಎಲ್ಲವೂ ಸರಿ ಇದ್ದು ವೈಫೈನಲ್ಲಿ ಮಾತ್ರ ಕೆಟ್ಟರೆ ಜಗಳ ಗಾಳಿಯಲ್ಲಿದೆ. ಕೇಬಲ್ಲಿನಲ್ಲೂ ಕೆಟ್ಟರೆ ತೊಂದರೆ ಪೆಟ್ಟಿಗೆಯಲ್ಲಿ ಅಥವಾ ಅದಕ್ಕೆ ಬರುವ ವಿದ್ಯುತ್ತಿನಲ್ಲಿದೆ, ಆಗ ಕೆಳಗಿನ ಮದ್ದುಗಳು ನಾಟುವುದಿಲ್ಲ. ಇನ್ನೂ ತಾಮ್ರದ ಲೈನಿನಲ್ಲೇ ಇಂಟರ್‌ನೆಟ್ ಪಡೆಯುತ್ತಿರುವವರಿಗೂ ಒಂದು ಮಾತು: ಅಲ್ಲಿ ದನಿ 4 ಕಿಲೋಹರ್ಟ್ಸ್‌ಗಿಂತ ಕೆಳಗೆ, ಇಂಟರ್‌ನೆಟ್ ಅದಕ್ಕಿಂತ ಬಹಳ ಮೇಲೆ, ಒಂದೇ ತಂತಿಯಲ್ಲಿ ಸಾಗುತ್ತವೆ. ಎರಡನ್ನೂ ಬೇರ್ಪಡಿಸುವ ಚಿಕ್ಕ ಸ್ಪ್ಲಿಟರ್ ಡಬ್ಬಿಯನ್ನು ತಪ್ಪಿಸಿ ಫೋನನ್ನು ನೇರವಾಗಿ ಲೈನಿಗೆ ಸಿಕ್ಕಿಸಿದರೆ, ಫೋನ್ ಗಂಟೆ ಬಾರಿಸಿದಾಗಲೆಲ್ಲ ಸಂಪರ್ಕ ಕಡಿಯಬಹುದು. ವೈಫೈಗೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯ ಸುತ್ತು ಮಾವನವರನ್ನು ನಡೆಸುವುದು. ವೈಫೈನಲ್ಲಿ ಪರೀಕ್ಷೆ ಓಡುತ್ತಿರಲಿ. ಅವರು ಮಾತಾಡುತ್ತಲೇ ನಿಮ್ಮ ಮೇಜಿನ ಬಳಿ ಒಂದು ನಿಮಿಷ, ಕೈಯಾಲೆಯಲ್ಲಿ ಒಂದು ನಿಮಿಷ, ಕಣದಲ್ಲಿ ಒಂದು ನಿಮಿಷ ನಿಲ್ಲಲಿ. ಅವರು ದೂರ ಹೋದಂತೆ ಸಂಖ್ಯೆಗಳು ಇಳಿದರೆ ಹ್ಯಾಂಡ್‌ಸೆಟ್ ಕಾರಣ. ಕಣಕ್ಕೆ ಹೋದರೂ ಅಷ್ಟೇ ಇದ್ದರೆ ಬೇಸ್ ಕಾರಣ. ಎರಡೂ ಪಾಲುದಾರರಾಗಿರುವುದೂ ಉಂಟು.

ಮದ್ದುಗಳಲ್ಲಿ ಮೊದಲನೆಯದಕ್ಕೆ ಖರ್ಚೇ ಇಲ್ಲವೆನ್ನಬಹುದು: ದೂರ. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ತಲಪುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಈಗ ಬೇಸ್ ರೂಟರಿನಿಂದ ಅರ್ಧ ಅಡಿ ದೂರದಲ್ಲಿದೆ ಎಂದುಕೊಳ್ಳಿ. ಅದನ್ನು ಹತ್ತು ಅಡಿಗೆ ಒಯ್ದರೆ ದೂರ ಇಪ್ಪತ್ತು ಪಟ್ಟು, ರೂಟರಿನ ಮೇಲೆ ಬೀಳುವ ಗದ್ದಲ ಸುಮಾರು ನಾನೂರರಲ್ಲಿ ಒಂದು ಪಾಲು. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ಲೆಕ್ಕ ಇಷ್ಟು ಶುದ್ಧವಾಗಿರದಿದ್ದರೂ ಫಲ ಕಣ್ಣಿಗೆ ಕಾಣುವಷ್ಟಿರುತ್ತದೆ. ಸುಂಟಿಕೊಪ್ಪ ಕಡೆಯ ಒಂದು ಹೋಂಸ್ಟೇಯಲ್ಲಿ ಹೀಗೆಯೇ ಆಗಿತ್ತು. ಮನೆಯ ಯಜಮಾನರು ಎರಡು ಬಾರಿ ರೂಟರ್ ಬದಲಿಸಿದ್ದರು. ನಾನು ಚೀಲದಲ್ಲಿದ್ದ ಉದ್ದದ ಟೆಲಿಫೋನ್ ವೈರ್ ಸಿಕ್ಕಿಸಿ, ಅವರು ಇನ್ನೂ ಮಗನೊಡನೆ ಮಾತಾಡುತ್ತಿರುವಾಗಲೇ ಬೇಸನ್ನು ಎತ್ತಿಕೊಂಡು ಊಟದ ಕೋಣೆಯತ್ತ ನಡೆದೆ. ಬಾಗಿಲು ದಾಟುವ ಹೊತ್ತಿಗೆ ಪರದೆಯ ಮೇಲಿನ ಮೂರಂಕಿಗಳು ಎರಡಂಕಿಗೆ, ಊಟದ ಮೇಜಿನ ಮೇಲೆ ಇಟ್ಟಾಗ ಒಂದಂಕಿಗೆ ಇಳಿದವು. ಅವರ ಮಾತು ಮಾತ್ರ ಒಂದು ಕ್ಷಣವೂ ಕಡಿಯಲಿಲ್ಲ.

ನಿಮ್ಮ ಮನೆಯಲ್ಲಿ ಬೇಸಿಗೆ ಒಳ್ಳೆಯ ಜಾಗ ಯಾವುದೆಂದು ನಾನು ಇಲ್ಲಿಂದಲೇ ಹೇಳಬಲ್ಲೆ: ಕಣದ ಕಡೆಗೆ ಕಿಟಕಿ ಇರುವ ಕೋಣೆ. ಪೆಟ್ಟಿಗೆಯಿಂದ ಅಲ್ಲಿಯವರೆಗೆ ಎರಡೆಳೆಯ ಟೆಲಿಫೋನ್ ವೈರ್ ಎಳೆಸಿ. ದನಿಗೆ ಆ ಉದ್ದ ಏನೂ ಅಲ್ಲ. ಬೇಸ್ ರೂಟರಿನಿಂದ ದೂರವಾಗುತ್ತದೆ, ಮಾವನವರಿಗೆ ಕಣದಲ್ಲಿ ದನಿ ಈಗಿಗಿಂತ ಸ್ಪಷ್ಟವಾಗುತ್ತದೆ. ಅಲ್ಲಿ ಟ್ರಾನ್ಸ್‌ಫಾರ್ಮರಿಗೊಂದು ಪ್ಲಗ್ ಪಾಯಿಂಟ್ ಇದ್ದರಾಯಿತು. ವೈರನ್ನು ಅಟ್ಟದ ಮೇಲೆ ಒಯ್ಯುವುದಾದರೆ ಪಿವಿಸಿ ಪೈಪಿನೊಳಗೆ ಹಾಯಿಸಿ, ಇಲಿಗಳು ಬರಿಯ ತಂತಿಯನ್ನು ಒಂದು ಮಳೆಗಾಲವೂ ಉಳಿಸುವುದಿಲ್ಲ.

ಚಾನೆಲ್ ಬದಲಿಸಿ ಎಂಬ ಸಲಹೆ ನಿಮಗೆ ಎಲ್ಲ ಕಡೆ ಸಿಗುತ್ತದೆ. ಅದು ಅರ್ಧ ಸತ್ಯ. ಆ ಪಟ್ಟಿಯಲ್ಲಿ ವೈಫೈ ಒಂದು ಬಾರಿಗೆ ಸುಮಾರು 20 ಮೆಗಾಹರ್ಟ್ಸ್ ಅಗಲದ ಜಾಗ ಹಿಡಿಯುತ್ತದೆ, ಆ ಜಾಗವೇ ಚಾನೆಲ್. 1, 6, 11 ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ನಿಮ್ಮ ಫೋನ್ ಒಂದೇ ಜಾಗದಲ್ಲಿ ನೆಲೆಯೂರುವ ಹಳೆಯ ಅನಲಾಗ್ ಜಾತಿಯದಾದರೆ, ರೂಟರಿನಲ್ಲಿ ಚಾನೆಲ್ 1ರಿಂದ 11ಕ್ಕೆ ಹೋದೊಡನೆ ಕಾಟ ನಿಂತೇಹೋಗಬಹುದು. ಹ್ಯಾಂಡ್‌ಸೆಟ್ಟಿನಲ್ಲೇ ಚಾನೆಲ್ ಗುಂಡಿ ಇದ್ದರೆ ಅದನ್ನು ಒತ್ತಿಯೂ ನೋಡಿ. ಆದರೆ ಆಮೇಲೆ ಬಂದ ಡಿಜಿಟಲ್ ಫೋನ್‌ಗಳು ಒಂದು ಕಡೆ ನಿಲ್ಲದೆ ಇಡೀ ಪಟ್ಟಿಯಲ್ಲಿ ಜಿಗಿಯುತ್ತಿರುತ್ತವೆ. ಅವು ನೀವು ಯಾವ ಚಾನೆಲ್ಲಿನಲ್ಲಿದ್ದರೂ ಸರಿಸುಮಾರು ಕಾಲು ಭಾಗ ಹೊತ್ತು ನಿಮ್ಮ ಮೇಲೆ ಬೀಳುತ್ತವೆ. ವೈಫೈ ಪೂರ್ತಿ ಸಾಯದೆ ತೊದಲುವುದು ಇಂಥ ಫೋನಿನ ಲಕ್ಷಣ. ನಿಮ್ಮ ಪತ್ರ ಓದಿದರೆ ನಿಮ್ಮದು ಇದೇ ಜಾತಿ ಎನಿಸುತ್ತದೆ. ಹಾಗಿದ್ದರೆ ರೂಟರಿನ ವ್ಯವಸ್ಥೆಯಲ್ಲಿ ಚಾನೆಲ್ ಅಗಲ 40 ಎಂದಿದೆಯೇ ನೋಡಿ, ಇದ್ದರೆ 20ಕ್ಕೆ ಇಳಿಸಿ. ಅಗಲ ಇಮ್ಮಡಿಯಾದಷ್ಟೂ ಪೆಟ್ಟು ತಿನ್ನುವ ಅವಕಾಶವೂ ಇಮ್ಮಡಿ.

5 ಗಿಗಾಹರ್ಟ್ಸ್ ವೈಫೈ ಇನ್ನೊಂದು ದಾರಿ. ಇತ್ತೀಚಿನ ಫೈಬರ್ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಎರಡೂ ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತವೆ, 2.4ರ ಫೋನ್ ಅಲ್ಲಿಗೆ ಬರುವುದಿಲ್ಲ. ಪಟ್ಟಣದ ಮನೆಯವರಿಗೆ ನಾನು ಮೊದಲು ಹೇಳುವುದೇ ಇದನ್ನು. ನಿಮಗೆ ಮೊದಲು ಹೇಳದಿರಲು ಕಾರಣ ನಮ್ಮ ಗೋಡೆಗಳು. ತರಂಗ ಮೇಲೇರಿದಷ್ಟೂ ಗೋಡೆ ದಾಟುವ ತ್ರಾಣ ಕಡಿಮೆ. ಕೊಡವ ಕುಟುಂಬಗಳ ಮೂಲಮನೆಯಾದ ಹಳೆಯ ಐನ್‌ಮನೆಯ ದಪ್ಪ ಮಣ್ಣಿನ ಗೋಡೆಯ ಮುಂದೆ 5 ಗಿಗಾಹರ್ಟ್ಸ್ ಸುಸ್ತಾಗುತ್ತದೆ, ಎರಡನೆಯ ಗೋಡೆಯ ಹಿಂದೆ ಅದನ್ನು ನಂಬಿ ಮೀಟಿಂಗಿಗೆ ಕೂರುವಂತಿಲ್ಲ. ರೂಟರ್ ಇರುವ ಕೋಣೆಯಲ್ಲೇ ನಿಮ್ಮ ಮೇಜಿದ್ದರೆ ಕಣ್ಣು ಮುಚ್ಚಿ ಅದಕ್ಕೆ ಹೋಗಿ.

ಮೇಜು ಬೇರೆ ಕೋಣೆಯಲ್ಲಿದ್ದರೆ ನನ್ನ ಆಯ್ಕೆ ಲ್ಯಾನ್ ಕೇಬಲ್. ವೈಫೈ ತಂತ್ರಜ್ಞಾನವನ್ನು ಮೆಚ್ಚುವವನಾಗಿಯೇ ಇದನ್ನು ಹೇಳುತ್ತಿದ್ದೇನೆ: ಅನ್ನ ಕೊಡುವ ಕೆಲಸ ಮನೆಯಿಂದ ನಡೆಯುತ್ತಿದ್ದರೆ ಅದನ್ನು ಗಾಳಿಯ ಪಾಲು ಮಾಡಬಾರದು. ಕೇಬಲ್ 100 ಮೀಟರ್‌ವರೆಗೆ ಸಲೀಸಾಗಿ ಕೆಲಸ ಮಾಡುತ್ತದೆ, ಫೋನಿನ ಗದ್ದಲ ಅದರ ಹತ್ತಿರ ಸುಳಿಯುವುದಿಲ್ಲ, ಗೋಡೆ ಒದ್ದೆಯಾದರೂ ಅದಕ್ಕೆ ಚಿಂತೆಯಿಲ್ಲ. ಆದರೆ ಆ ಕೇಬಲ್ ಮನೆಯೊಳಗೇ ಇರಲಿ. ಗೋದಾಮಿಗೋ ತೋಟದ ಲೆಕ್ಕ ಬರೆಯುವ ರೈಟರ್ ಕೋಣೆಗೋ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದರೆ ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ದಾರಿ ತೋರಿಸಿದಂತೆ. ಹೊರಗಿನ ಸಂಪರ್ಕಕ್ಕೆ ಲೋಹದ ಎಳೆ ಇಲ್ಲದ ಫೈಬರ್ ಕೇಬಲ್ಲೇ ಆಗಬೇಕು.

ಫೋನನ್ನೇ ಬದಲಿಸುವ ದಿನ ಬಂದರೆ ಪೆಟ್ಟಿಗೆಯ ಮೇಲೆ ‘ಡೆಕ್ಟ್’ ಎಂಬ ಗುರುತು ನೋಡಿ ಕೊಳ್ಳಿ. ನಮ್ಮ ದೇಶದಲ್ಲಿ ಮಾರುವ ಡೆಕ್ಟ್ ಫೋನ್‌ಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ವೈಫೈನ ಎರಡು ಪಟ್ಟಿಗಳಿಗೂ ಅವು ಅಡ್ಡ ಬರುವುದಿಲ್ಲ. ಬೇಸನ್ನು ಕಿಟಕಿಯಲ್ಲಿಟ್ಟರೆ ತೆರೆದ ಕಣಕ್ಕೆ ದನಿ ಚೆನ್ನಾಗಿ ತಲಪುತ್ತದೆ, ಟ್ರಾನ್ಸ್‌ಫಾರ್ಮರೂ ಬೇಡ. ನಾದಿನಿಯವರಿಗೆ ಮಾತ್ರ ಹೊಸದನ್ನು ಅಲ್ಲಿಂದ ತರಬೇಡಿ ಎಂದು ಹೇಳಿ. ಅಮೆರಿಕದಲ್ಲಿ ‘ಡೆಕ್ಟ್ 6.0’ ಎಂದು ಸಿಗುವ ಫೋನ್ 1920ರಿಂದ 1930 ಮೆಗಾಹರ್ಟ್ಸ್‌ನದು. ನಮ್ಮಲ್ಲಿ ಅದು ಮೊಬೈಲ್‌ಗಳು ಟವರ್ ಕಡೆಗೆ ಮಾತಾಡಲು ಮೀಸಲಾದ ಪಟ್ಟಿಯೊಳಗೆ ಬೀಳುತ್ತದೆ. ವೈಫೈ ಸರಿಹೋಗುತ್ತದೆ, ಆದರೆ ತೊಂದರೆ ಟವರಿನ ಕಿವಿಗೆ. ಮೊದಲೇ ಸಿಗ್ನಲ್ಲಿಗೆ ಪರದಾಡುವ ನಮ್ಮ ಕಣಿವೆಗಳಲ್ಲಿ ನೆರೆಹೊರೆಯವರಿಗೆ ಆ ಕಷ್ಟ ಕೊಡಬಾರದು. ‘5.8 ಗಿಗಾಹರ್ಟ್ಸ್’ ಎಂದು ಬರೆದ ಹಳೆಯ ಫೋನನ್ನೂ ನಂಬಬೇಡಿ. ಅಂಥ ಹಲವು ಫೋನ್‌ಗಳು ಒಂದು ದಿಕ್ಕಿಗೆ 5.8, ಮರಳುವ ದಿಕ್ಕಿಗೆ 2.4 ಬಳಸುತ್ತಿದ್ದವು.

ಫೋನ್ ಸುಮ್ಮನಿರುವಾಗಲೂ ಸಂಖ್ಯೆಗಳು ಏರಿದರೆ ಬೇರೆಡೆ ಹುಡುಕಿ. ಕಣದ ಕಾವಲಿಗೆ ಹಾಕಿಸಿದ ತಂತಿಯಿಲ್ಲದ ಕ್ಯಾಮೆರಾ 2.4ರಲ್ಲಿ ಹಗಲಿರುಳು ಚಿತ್ರ ಕಳಿಸುತ್ತಿರಬಹುದು. ಅಡುಗೆಮನೆಯಲ್ಲಿ ಮೈಕ್ರೋವೇವ್ ತಿರುಗುವ ಎರಡು ಮೂರು ನಿಮಿಷ ಮಾತ್ರ ಕಾಟವಿದ್ದರೆ ಅದನ್ನು ಸಹಿಸಿಕೊಳ್ಳಬಹುದು. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಕೂಡ ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಅದನ್ನು ಕಿತ್ತು ಒಮ್ಮೆ ನೋಡಿ.

ಇನ್ನು ಬೂಸ್ಟರ್. ಅದು ರೂಟರಿನ ಮಾತನ್ನು ಕೇಳಿಸಿಕೊಂಡು ಮತ್ತೊಮ್ಮೆ ಹೇಳುವ ಯಂತ್ರ. ನಿಮಗಿರುವ ತೊಂದರೆ ದಾರಿ ಕಿಕ್ಕಿರಿದಿರುವುದು. ಅದೇ 2.4ರ ದಾರಿಯಲ್ಲಿ ಪ್ರತಿ ಮಾತೂ ಎರಡೆರಡು ಬಾರಿ ಓಡಾಡಿದರೆ ಕಿಕ್ಕಿರಿತ ಹೆಚ್ಚುತ್ತದೆ, ಗೆರೆಗಳು ಮಾತ್ರ ಇನ್ನಷ್ಟು ಉದ್ದ ಕಾಣುತ್ತವೆ. ಆ ಹಣದಲ್ಲಿ ಟೆಲಿಫೋನ್ ವೈರ್, ಲ್ಯಾನ್ ಕೇಬಲ್, ಪೈಪು ತನ್ನಿ. ಉಳಿದರೆ ರೂಟರಿಗೆಂದೇ ಬರುವ ಚಿಕ್ಕ ಯುಪಿಎಸ್ ಮತ್ತು ಒಂದು ಸಾದಾ ತಂತಿಯ ಫೋನ್ ಕೊಂಡುಕೊಳ್ಳಿ. ತಾಮ್ರದ ಲೈನಿನಲ್ಲಿ ಕರೆಂಟ್ ಹೋದರೂ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬಂದು ಫೋನ್ ಜೀವಂತವಿರುತ್ತಿತ್ತು. ಫೈಬರಿನಲ್ಲಿ ಹಾಗಿಲ್ಲ, ಪೆಟ್ಟಿಗೆ ಆರಿದರೆ ಫೋನೂ ಆರಿತು. ಕಾರ್ಡ್‌ಲೆಸ್ ಬೇಸಿಗಂತೂ ಬೇರೆಯೇ ಕರೆಂಟ್ ಬೇಕು. ಪೆಟ್ಟಿಗೆಯನ್ನು ಯುಪಿಎಸ್ಸಿಗೆ ಹಾಕಿ ತಂತಿಯ ಫೋನನ್ನೂ ಆ ಲೈನಿಗೆ ಜೋಡಿಸಿಟ್ಟರೆ, ಕಕ್ಕಡದ ರಾತ್ರಿ ಮರ ಬಿದ್ದು ಕರೆಂಟ್ ಹೋದಾಗ ಮಾವನವರು ಕೈಯಾಲೆಯ ಮೂಲೆಯಲ್ಲಿ ಮೊಬೈಲ್ ಎತ್ತಿ ಹಿಡಿದು ಸಿಗ್ನಲ್ ಹುಡುಕಬೇಕಾಗಿಲ್ಲ.